ಕೈತೋಟದ ಮೊಲವೂ ಅಹಿಂಸಾಣುವ್ರತದ ಅತಿಚಾರಗಳೂ

ಅಹಿಂಸಾಣುವ್ರತವನ್ನು ಸ್ವೀಕರಿಸಿದ ಗೃಹಸ್ಥನಿಗೆ ಸಂಶಯ ಹುಟ್ಟುವುದು ದೊಡ್ಡ ಹಿಂಸೆಗಳ ವಿಷಯದಲ್ಲಲ್ಲ. ಅಡುಗೆಮನೆ, ನೀರಿನ ತೊಟ್ಟಿ, ಹಿತ್ತಿಲು, ಇವೇ ಅವನ ವ್ರತದ ಪರೀಕ್ಷಾಸ್ಥಾನಗಳು. ರಾಜಾಜಿನಗರ, ಬಸವೇಶ್ವರನಗರಗಳಲ್ಲಿ ಗೋಡೆಗೆ ಗೋಡೆ ತಾಗಿರುವುದರಿಂದ ಕಾಡುಮೊಲದ ಮಾತು ಅಲ್ಲಿಯವರಿಗೆ ಕಥೆಯಂತೆ ಕೇಳಿಸೀತು. ಆದರೆ ಕೆಂಗೇರಿಯಾಚೆ, ತುರಹಳ್ಳಿಯ ಕುರುಚಲು ಕಾಡಿನ ಅಂಚಿನಲ್ಲಿ, ಹೊಸ ಬಡಾವಣೆಗಳ ಖಾಲಿ ನಿವೇಶನಗಳ ನಡುವೆ ಮನೆ ಕಟ್ಟಿಕೊಂಡವರ ತೋಟಕ್ಕೆ ರಾತ್ರಿಯ ವೇಳೆ ಮೊಲ ಬರುವುದುಂಟು. ಬೆಳಗಾಗುವಷ್ಟರಲ್ಲಿ ಅವರೆಯ ಎಳೆಸಸಿ, ಹರಿವೆ, ಕೊತ್ತಂಬರಿಯ ಪಾತಿಗಳು ಬೋಳಾಗಿರುತ್ತವೆ. ಆಗ ಶ್ರಾವಕನು ಮಾಡತಕ್ಕದ್ದೇನು?

ಬಂದದ್ದು ಮೊಲವೇ ಎಂದು ಮೊದಲು ನಿಶ್ಚಯಿಸಿಕೊಳ್ಳಬೇಕು. ಮೊಲ ಕಡಿದ ದಂಟು ಚಾಕುವಿನಿಂದ ಓರೆಯಾಗಿ ಕೊಯ್ದಂತಿರುತ್ತದೆ. ಸಮೀಪದಲ್ಲಿ ಒಣಗಿದ ದುಂಡು ಹಿಕ್ಕೆ ಬಿದ್ದಿರುತ್ತದೆ. ಎಲೆಯಲ್ಲಿ ತೂತು, ಮೇಲೆ ಲೋಳೆಯ ಗೆರೆ ಕಂಡರೆ ಅದು ಬಸವನಹುಳುವಿನ ಕೆಲಸ. ಇಲ್ಲಿಯ ಮೊಲ ಸಾಕುವ ಬಿಳಿಯ ಮೊಲದ ಜಾತಿಯದಲ್ಲ. ಕತ್ತಿನ ಹಿಂದೆ ಕಪ್ಪು ಮಚ್ಚೆಯುಳ್ಳ ಇದು ಬಿಲ ತೋಡುವುದಿಲ್ಲ. ಹಗಲೆಲ್ಲ ಹುಲ್ಲಿನ ಮರೆಯ ತಗ್ಗಿನಲ್ಲಿ ಅಲುಗಾಡದೆ ಕುಳಿತಿರುತ್ತದೆ. ಗಜ್ಜರಿ ಹಿಡಿದ ಮೊಲವನ್ನು ಮಕ್ಕಳು ಚಿತ್ರದಲ್ಲಿ ಕಾಣುತ್ತಾರೆ. ಕಂದಮೂಲಗಳನ್ನು ತ್ಯಜಿಸಿದವರ ತೋಟದಲ್ಲಿ ಗಜ್ಜರಿಯೇ ಇಲ್ಲ. ಮೊಲಕ್ಕೆ ಬೇಕಾದದ್ದೂ ಗೆಡ್ಡೆಯಲ್ಲ, ಎಳೆಯ ಸೊಪ್ಪು. ಹೊರಗಿನ ಹುಲ್ಲು ಒಣಗಿದಾಗ ನೀರುಣಿಸಿದ ಪಾತಿಯ ಹಸುರು ಅದನ್ನು ಕರೆಯುತ್ತದೆ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಸಂಶಯದ ಗಂಟು ಇಲ್ಲಿಯೇ ಇದೆ. ಬೇಲಿ ಹಾಕಿದರೆ ಮೊಲದ ಆಹಾರವನ್ನು ತಡೆದಂತಾಗಲಿಲ್ಲವೆ? ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಬಂಧವೆಂದರೆ ಜೀವವು ತಾನು ಬಯಸಿದ ಎಡೆಗೆ ಹೋಗದಂತೆ ತಡೆಯುವುದೆಂದು ಅರ್ಥ ಹೇಳಿರುವುದರಿಂದ, ಬೇಲಿಯೇ ಬಂಧವೂ ಆಯಿತಲ್ಲವೆ?

ಪ್ರಶ್ನೆ ಸಾಧುವಾದದ್ದೇ, ಕುತರ್ಕವೆಂದು ತಳ್ಳಿಹಾಕುವುದು ತರವಲ್ಲ. ಆದರೆ ಅನ್ನಪಾನನಿರೋಧಕ್ಕೆ ಅದೇ ವ್ಯಾಖ್ಯಾನ ಕೊಡುವ ನಿದರ್ಶನ ಗೋವು ಮೊದಲಾದವುಗಳದು. ಅಂದರೆ ಮನುಷ್ಯನ ಅಧೀನದಲ್ಲಿದ್ದು ಅವನು ಕೊಟ್ಟರೆ ಉಣ್ಣುವ ಜೀವಗಳದು. ಮೊಲ ಯಾರ ಕೊಟ್ಟಿಗೆಯದೂ ಅಲ್ಲ. ತೋಟದ ಸುತ್ತ ನಿಂತ ಬೇಲಿ ಅದಕ್ಕೆ ನಾಲ್ಕು ಪಾತಿಗಳನ್ನು ಮುಚ್ಚುತ್ತದೆಯೇ ಹೊರತು ಅದರ ಸಂಚಾರವನ್ನಲ್ಲ. ಪಂಜರವಾದರೋ ಮೊಲವನ್ನೇ ಸುತ್ತುವರಿಯುತ್ತದೆ; ಅದು ನಿಸ್ಸಂದೇಹವಾಗಿ ಬಂಧ. ಹಿಡಿದು ತುರಹಳ್ಳಿಯಲ್ಲಿ ಬಿಟ್ಟುಬಂದರೆ ಪುಣ್ಯವೆಂದು ಬಗೆಯುವವರಿದ್ದಾರೆ. ಗಾಬರಿಗೊಂಡ ಜೀವವನ್ನು ಅರಿಯದ ನೆಲದಲ್ಲಿ ಎಸೆದಂತಾಗುವುದಲ್ಲದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಮೊಲವನ್ನು ಹಿಡಿಯುವುದೂ ಕೊಲ್ಲುವಂತೆಯೇ ಅಪರಾಧ.

ವಿಷದ ಮಾತು ಎತ್ತಲೇಬಾರದು. ಬೆಳೆಯ ರಕ್ಷಣೆ ವಿರೋಧಿ ಹಿಂಸೆಯಾದ್ದರಿಂದ ಗೃಹಸ್ಥನಿಗೆ ಕ್ಷಮ್ಯವೆಂಬ ವಾದವುಂಟು; ಬೇರೆ ದಾರಿಯೇ ಇಲ್ಲದವನ ಆತ್ಮರಕ್ಷಣೆಗೆ ಹೇಳಿದ್ದನ್ನು ಒಂದು ಕಟ್ಟು ಕೊತ್ತಂಬರಿಗೆ ಅನ್ವಯಿಸುವುದು ಹಾಸ್ಯಾಸ್ಪದ. ವಿಷವಿಡುವ ಕೈ ಸಂಕಲ್ಪ ಮಾಡಿಯೇ ಇಡುತ್ತದೆ. ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯಲ್ಲಿ ರಾಜನು ಕಡಿದದ್ದು ಹಿಟ್ಟಿನ ಕೋಳಿ. ಅದರ ಫಲವಾಗಿ ತಾಯಿ ಮಗ ಇಬ್ಬರೂ ಎಷ್ಟು ಭವಗಳನ್ನು ಅಲೆದರೆಂಬುದನ್ನು ಓದುಗರು ಬಲ್ಲರು. ನೆರೆಯವರು ಕೇಳಿದಾಗ ಉರುಳನ್ನೋ ವಿಷವನ್ನೋ ಎರವಲು ಕೊಡುವುದು ಹಿಂಸಾದಾನ, ಹೀಗೆ ಮಾಡಿರೆಂದು ಹೇಳಿಕೊಡುವುದು ಪಾಪೋಪದೇಶ, ಎರಡೂ ಅನರ್ಥದಂಡವೇ. ಮೆಣಸಿನ ಪುಡಿ ಎರಚುವುದು ಕೊಲೆಯಲ್ಲದಿದ್ದರೂ ಕಣ್ಣು ಮೂಗುಗಳನ್ನು ಉರಿಸುವ ಪೀಡೆ. ಬೇಲಿ ಸಾಧ್ಯವಿರುವಾಗ ಅದರ ಅಗತ್ಯವೇನು?

ಬೇಲಿಗೆ ಅಂಗುಲಕ್ಕಿಂತ ದೊಡ್ಡದಲ್ಲದ ಕಣ್ಣುಗಳ ತಂತಿಬಲೆ ಆಗಬೇಕು. 4 ಅಡಿ ಅಗಲದ ಸುರುಳಿ ತಂದು, ಕೆಳಗಿನ 1 ಅಡಿಯನ್ನು ಹೊರಮಗ್ಗುಲಿಗೆ ಮಡಿಚಿ ನೆಲದ ಮೇಲೆ ಹಾಸಿ ಕಲ್ಲು ಹೇರಿದರೆ, 3 ಅಡಿ ಎತ್ತರ ಉಳಿಯುತ್ತದೆ. ಮೊಲವು ಬುಡದಲ್ಲಿ ಕೆರೆದರೂ ತಂತಿಯೇ ಸಿಗುತ್ತದೆ. ಸುತ್ತಲೂ ಕಾಲುವೆ ಅಗೆದು ಬಲೆಯನ್ನು ಹೂಳಬೇಕಾದದ್ದಿಲ್ಲ. ಎರೆಹುಳು ಮೊದಲಾದ ತ್ರಸಜೀವಗಳ ನಾಶವೂ ಅಷ್ಟರಮಟ್ಟಿಗೆ ತಪ್ಪುತ್ತದೆ. ಅಗ್ಗವೆಂದು ನೈಲಾನ್ ಬಲೆ ಕಟ್ಟುವುದು ಬೇಡ. ಹಾವು, ಓತಿ, ಮೊಲದ ಕಾಲು ಅದರಲ್ಲಿ ಸಿಕ್ಕಿ ರಾತ್ರಿಯೆಲ್ಲ ಒದ್ದಾಡುತ್ತವೆ, ಬೇಲಿಯೆಂದುಕೊಂಡದ್ದು ಉರುಳಾಗುತ್ತದೆ. ಬೇಲಿ ಮುಚ್ಚುವ ದಿನ ಒಳಗೆ ಮೊಲ ಅಡಗಿಲ್ಲವೆಂದು ಪಾತಿಪಾತಿಯನ್ನೂ ನೋಡಬೇಕು. ಒಳಗೆ ಉಳಿದುಹೋದರೆ ಮೇಲೆ ಹೇಳಿದ ಭೇದವೇ ಬಿದ್ದುಹೋಗಿ ತೋಟ ಪಂಜರವಾಗುತ್ತದೆ. ಹಣದ ಅನುಕೂಲವಿಲ್ಲದವರು ಎಳೆಸಸಿಗಳ ಮೇಲೆ ಮಾತ್ರ ಬಿದಿರುಬುಟ್ಟಿ ಕವುಚಿದರೂ ಸಾಕು.

ಕರುಣೆಯಿಂದ ಬೇಲಿಯ ಹೊರಗೆ ಸೊಪ್ಪು ಸುರಿಯುವವರುಂಟು. ಭಾವ ಒಳ್ಳೆಯದು, ಪರಿಣಾಮ ಹಾಗಲ್ಲ: ಮೊಲ ಮನೆಬಾಗಿಲಿಗೆ ಅಭ್ಯಾಸವಾಗಿ ಬೀದಿನಾಯಿಗಳ ಬಾಯಿಗೆ ಬೀಳುತ್ತದೆ. ಅದಕ್ಕಿಂತ ಪಕ್ಕದ ಖಾಲಿ ನಿವೇಶನದ ಹುಲ್ಲಿಗೆ ಬೆಂಕಿಯಿಡದಿರುವುದು ಮೇಲು. ಆ ಹುಲ್ಲಿನಲ್ಲಿ ಮರಿಗಳಿರಬಹುದು. ಮೊಲದ ಮರಿ ಹುಟ್ಟುವಾಗಲೇ ಕಣ್ಣು ತೆರೆದು ಮೈತುಂಬ ರೋಮವುಳ್ಳದ್ದಾಗಿರುತ್ತದೆ. ತಾಯಿ ದೂರದಲ್ಲಿದ್ದು ಕತ್ತಲಾದ ಮೇಲೆ ಬಂದು ಹಾಲೂಡಿಸಿ ಹೋಗುತ್ತದೆ. ಹಗಲು ಒಂಟಿಯಾಗಿ ಕಂಡಿತೆಂದು ಅನಾಥವೆಂದು ತಿಳಿದು ಮನೆಗೆ ಎತ್ತಿ ತಂದರೆ ತಾಯಿಯಿಂದ ಅಗಲಿಸಿದಂತಾಯಿತು. ಮರಿ ಕಂಡಲ್ಲಿ ಮುಟ್ಟದೆ, ಸುತ್ತಲಿನ ಹುಲ್ಲನ್ನು ಕೆಲವು ವಾರ ಕೊಯ್ಯದೆ ಬಿಡಬೇಕು.