ಐವರಿಗೆ ಒಂದೇ ಪಾಲಿಸಿ ಯಾಕೆ?

ಪ್ರಶ್ನೆ: ಮೇಡಂ, ಮಧುಗಿರಿಯಲ್ಲಿ ನಮ್ಮದೊಂದು ಸಣ್ಣ ಹಾರ್ಡ್‌ವೇರ್ ಅಂಗಡಿ. ನಾನು, ಯಜಮಾನರು (44), ಇಬ್ಬರು ಮಕ್ಕಳು, ಅತ್ತೆ (68). ಅತ್ತೆಗೆ ಶುಗರ್ ಇದೆ. ಹಳ್ಳಿಯಲ್ಲೇ ಇದ್ದು, ಹಸು ಸಾಕಿಕೊಂಡು ಡೈರಿಗೆ ಹಾಲು ಹಾಕುತ್ತಾರೆ. ಅವರದು ಬಿಪಿಎಲ್ ಕಾರ್ಡು, ನಮ್ಮದು ಎಪಿಎಲ್. ಐವರಿಗೂ ಸೇರಿ 10 ಲಕ್ಷದ ಪಾಲಿಸಿಗೆ ವರ್ಷಕ್ಕೆ 60 ಸಾವಿರದ ಮೇಲಾಗುತ್ತದೆ, ಶುಗರ್ ವಿಷಯ ಬರೆಯದಿದ್ದರೆ ಕಡಿಮೆ ಮಾಡಿಸಬಹುದು ಎನ್ನುತ್ತಾರೆ ಏಜೆಂಟ್. ಯಜಮಾನರು ವಸೂಲಿಗೆಂದು ಶಿರಾ, ಪಾವಗಡ, ಕೊರಟಗೆರೆಗೆ ಬೈಕಿನಲ್ಲೇ ಓಡಾಡುವವರು. ಆದರೂ ‘ದುಡ್ಡು ದಂಡ, ಬೇಡವೇ ಬೇಡ’ ಅಂತಾರೆ. ಏನು ಮಾಡಲಿ?
– ಹೆಸರು ಬೇಡ, ಮಧುಗಿರಿ

ಉತ್ತರ: ತಂಗಿ, ವಿಮೆ ಬೇಕು. ಆದರೆ ಏಜೆಂಟರು ಹೇಳಿದ ಈ ಪಾಲಿಸಿ ಬೇಡ. ಎಲ್ಲರನ್ನೂ ಒಂದೇ ಪಾಲಿಸಿಗೆ ಸೇರಿಸಿದಾಗ ಕಂತು ನಿಗದಿಯಾಗುವುದು ಸಾಮಾನ್ಯವಾಗಿ ಮನೆಯ ಹಿರಿಯರ ವಯಸ್ಸಿನ ಮೇಲೆ. 68ರ ಲೆಕ್ಕದಲ್ಲಿ ನಿಮ್ಮ ಮಕ್ಕಳಿಗೂ ದುಡ್ಡು ಕಟ್ಟುವುದು ಯಾವ ನ್ಯಾಯ? ಅತ್ತೆಯವರನ್ನು ಬೇರೆ ಮಾಡಿ.

ಅವರನ್ನು ಕೈಬಿಡಿ ಅಂತ ಹೇಳುತ್ತಿಲ್ಲ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಕಂತಿಲ್ಲ. ತುರ್ತು ಸಂದರ್ಭ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಡೈರಿಗೆ ಹಾಲು ಹಾಕುತ್ತಾರೆ ಎಂದಿರಿ. ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿಯನ್ನೂ ವಿಚಾರಿಸಿ. 2003ರಲ್ಲಿ ಶುರುವಾಗಿ, ನಡುವೆ ನಿಂತು, 2022–23ರಲ್ಲಿ ಮತ್ತೆ ಬಂದ ಯೋಜನೆಯಿದು. ಮತ್ತೆ ಬಂದಾಗ ಹಳ್ಳಿಯ ಸಂಘದವರಿಗೆ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಇಟ್ಟರು. ಸೌಲಭ್ಯ ಇಲ್ಲೂ 5 ಲಕ್ಷದವರೆಗೆ. ಈ ವರ್ಷದ ದರವನ್ನು ಡೈರಿ ಕಾರ್ಯದರ್ಶಿಯೇ ಹೇಳುತ್ತಾರೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ನಿಮ್ಮ ಎಪಿಎಲ್ ಕಾರ್ಡಿಗೆ ಸಿಗುವುದು ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ಹೆದ್ದಾರಿಯಲ್ಲಿ ಬೈಕು ಓಡಿಸುವ ಯಜಮಾನರಿಗೆ ಅಷ್ಟು ಸಾಲದು. ಆದ್ದರಿಂದ ನೀವು ನಾಲ್ವರಿಗೆ 5 ಲಕ್ಷದ ಪಾಲಿಸಿ ಕೇಳಿ.

ಕಂತು ಕಡಿಮೆ ಅಂತ ಕಣ್ಣುಮುಚ್ಚಿ ಸಹಿ ಹಾಕಬೇಡಿ. ಮೊದಲು ನೋಡಬೇಕಾದ್ದು ರೂಮಿನ ಬಾಡಿಗೆ. ದಿನಕ್ಕೆ 3 ಸಾವಿರ ಎಂಬ ಮಿತಿಯಿದ್ದು, ತುಮಕೂರಿನಲ್ಲೋ ಬೆಂಗಳೂರಿನಲ್ಲೋ ನೀವು 6 ಸಾವಿರದ ರೂಮು ಹಿಡಿದಿರಿ ಅಂತಿಟ್ಟುಕೊಳ್ಳಿ. ಹೆಚ್ಚುವರಿ 3 ಸಾವಿರ ಕೈಯಿಂದ ಕೊಟ್ಟರೆ ಮುಗಿಯಿತು ಎಂದುಕೊಳ್ಳುತ್ತೇವೆ. ಹಾಗಲ್ಲ. ಬಾಡಿಗೆಯಲ್ಲಿ ಅರ್ಧ ಸಿಕ್ಕಿದರೆ ಡಾಕ್ಟರ ಫೀಸು, ಆಪರೇಷನ್ ಥಿಯೇಟರು, ನರ್ಸಿಂಗ್ ಬಾಬತ್ತಿನಲ್ಲೂ ಅರ್ಧವೇ. ಅದು ಒಂದು ಲಕ್ಷವಾದರೆ 50 ಸಾವಿರ ನಿಮ್ಮ ತಲೆಗೆ. ಔಷಧಿ, ಲ್ಯಾಬಿನ ಖರ್ಚಿಗೆ ಮಾತ್ರ ಈ ಕಡಿತವಿಲ್ಲ. ಬಿಲ್ ಕೌಂಟರಿನ ಮುಂದೆ ನಿಂತಾಗ ಗೊತ್ತಾಗುವ ವಿಷಯವಿದು. ಬಾಡಿಗೆ ಮಿತಿ ಇಲ್ಲದ್ದನ್ನೇ ಕೇಳಿ. ಕೈಗೆಟಕದಿದ್ದರೆ 2020ರಿಂದ ಎಲ್ಲ ಕಂಪನಿಗಳೂ ಒಂದೇ ನಿಯಮದಲ್ಲಿ ಮಾರುವ ‘ಆರೋಗ್ಯ ಸಂಜೀವಿನಿ’ ಇದೆ. ಅದರಲ್ಲಿ ಬಾಡಿಗೆ ಮಿತಿ ವಿಮಾ ಮೊತ್ತದ ಶೇ 2, ದಿನಕ್ಕೆ ಹೆಚ್ಚೆಂದರೆ 5 ಸಾವಿರ. ಕ್ಲೇಮಿನಲ್ಲಿ ಶೇ 5 ನಮ್ಮ ಪಾಲು.

2025ರ ಸೆಪ್ಟೆಂಬರ್ 22ರಿಂದ ಮನೆಯವರು ತಾವೇ ಕೊಳ್ಳುವ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. ಅದಕ್ಕೆ ಮೊದಲು ಶೇ 18 ಇತ್ತು. ಏಜೆಂಟರ ಲೆಕ್ಕದ ಚೀಟಿಯಲ್ಲಿ ಅದಿನ್ನೂ ಕೂತಿದೆಯೇ ನೋಡಿ. ನಗದಿಲ್ಲದ ಚಿಕಿತ್ಸೆ ಕೊಡುವ ಆಸ್ಪತ್ರೆಗಳ ಪಟ್ಟಿಯನ್ನೂ ಕೇಳಿ. ಪಾವಗಡದ ಕಡೆಯವರು ಹಿಂದೂಪುರಕ್ಕೆ ಹೋಗುವುದುಂಟು, ಆ ಹೆಸರೂ ಇರಲಿ.

ಶುಗರ್ ಮುಚ್ಚಿಡುವ ಮಾತು ಮಾತ್ರ ಕೇಳಲೇಬೇಡಿ. ಕ್ಲೇಮ್ ಬಂದಾಗ ಕಂಪನಿಯವರು ಹಳೆಯ ಔಷಧಿ ಚೀಟಿಗಳನ್ನೆಲ್ಲ ಕೆದಕುತ್ತಾರೆ. ಸುಳ್ಳು ಸಿಕ್ಕಿದರೆ ಕ್ಲೇಮೂ ಹೋಯಿತು, ಕಟ್ಟಿದ ಕಂತೂ ಹೋಯಿತು. ನಿಜ ಬರೆದರೆ ಹಳೆಯ ಕಾಯಿಲೆಗೆ ಕಾಯಿಸುವುದು ಹೆಚ್ಚೆಂದರೆ ಮೂರು ವರ್ಷ. 2024ರಿಂದ ನಿಯಮ ಹಾಗಿದೆ. ಸುಳ್ಳು ಬರೆಯಲು ಹೇಳಿಕೊಡುವ ಏಜೆಂಟ್ ಕ್ಲೇಮಿನ ದಿನ ಫೋನ್ ಎತ್ತುವುದಿಲ್ಲ, ಅವರನ್ನು ಬದಲಾಯಿಸಿ.

ಯಶಸ್ವಿನಿಗೆ ಹೆಸರು ಬರೆಸಿಕೊಳ್ಳುವುದು ವರ್ಷಪೂರ್ತಿ ಇರುವುದಿಲ್ಲ. ಅತ್ತೆಯವರ ರೇಷನ್ ಕಾರ್ಡು, ಆಧಾರ್ ತೆಗೆದುಕೊಂಡು ಈ ವಾರವೇ ಡೈರಿಗೆ ಹೋಗಿಬನ್ನಿ.