ಪದಗಳ ಸುಳಿವಿನಿಂದ ಕಿಡಿಗೇಡಿತನ ಹಿಡಿಯುವ ಬಗೆ



ನಮ್ಮ ವಾಚನಾಲಯದ ಗೋಡೆಯ ಮೇಲೆ ಊರ ಕಡೆಯ ರೈಲುಗಳ ವೇಳಾಪಟ್ಟಿ ಇರುವುದು ತಮಗೆಲ್ಲ ತಿಳಿದಿದೆ. ಒಂದು ಸಂಜೆ ಹುಡುಗನೊಬ್ಬ ಅದರಲ್ಲಿ ಹುಬ್ಬಳ್ಳಿ ಗಾಡಿಯ ವೇಳೆಯನ್ನು ಹೊಡೆದುಹಾಕಿ ಬೇರೆ ವೇಳೆ ಬರೆಯುತ್ತಿದ್ದ. ಪತ್ರಿಕೆಯ ಚಿತ್ರಗಳಿಗೆ ಮೀಸೆ ಬರೆಯುವವರ ಕಾಟದಿಂದ ಬೇಸತ್ತಿದ್ದ ನಾನು ಅವನನ್ನು ಗದರಿಸಿ ಕಳುಹಿಸಿದೆ. ಮರುದಿನ ಸ್ಟೇಷನ್ನಿನಲ್ಲಿ ವಿಚಾರಿಸಿದರೆ ಹುಡುಗ ಬರೆದದ್ದೇ ಸರಿ! ಅವನು ಒಂದು ತಿಂಗಳು ಇತ್ತ ಸುಳಿಯಲಿಲ್ಲ. ಇಂದಿನ ಪಾಠದ ತಿರುಳೆಲ್ಲ ಆ ನನ್ನ ತಪ್ಪಿನಲ್ಲಿದೆ.

೨೦೦೧ರ ಜನವರಿಯಲ್ಲಿ ಆರಂಭವಾದ ವಿಕಿಪೀಡಿಯ ವಿಶ್ವಕೋಶವನ್ನು ಬಹುಮಟ್ಟಿಗೆ ಯಾರು ಬೇಕಾದರೂ ತಿದ್ದಬಹುದು. ೨೦೦೩ರಿಂದ ಅದು ಕನ್ನಡದಲ್ಲಿಯೂ ಇದೆ. ತೆರೆದ ಬಾಗಿಲಿನ ಮನೆಗೆ ನೆಂಟರಂತೆ ಕಿಡಿಗೇಡಿಗಳೂ ಬರುವುದುಂಟು. ಬೈಗುಳ ಬರೆಯುವರು, ಪುಟಗಳನ್ನೇ ಅಳಿಸುವರು. ಹಗಲಿರುಳು ಕಾವಲಿರುವುದು ಮನುಷ್ಯರಿಂದಾಗದ ಕೆಲಸ. ಆದುದರಿಂದ ಯಂತ್ರಕ್ಕೆ ಆ ಕೆಲಸ ಕಲಿಸಿದ್ದಾರೆ.

೧. ಪಟ್ಟಿಯ ಉಪಾಯ

ಕೆಟ್ಟ ಪದಗಳ ಪಟ್ಟಿ ಮಾಡಿ, ಅವು ಕಂಡಲ್ಲಿ ತಿದ್ದುಪಡಿಯನ್ನು ರದ್ದುಮಾಡುವುದು ಸುಲಭದ ದಾರಿ. ಆದರೆ ‘ಕತ್ತೆ’ ಎಂಬುದನ್ನು ಪಟ್ಟಿಗೆ ಸೇರಿಸಿದರೆ ‘ಇನ್ನೇನು ಬೇಕತ್ತೆ?’ ಎಂದು ಅತ್ತೆಯನ್ನು ಕೇಳಿದವನೂ ಸಿಕ್ಕಿಬೀಳುತ್ತಾನೆ. ‘ಹಂದಿ’ ಸೇರಿಸಿದರೆ ಸಾಗರ ತಾಲ್ಲೂಕಿನ ಹಂದಿಗೋಡಿಗೆ ಕುತ್ತು. ಇದು ಬರಿಯ ತಮಾಷೆಯಲ್ಲ. ೧೯೯೬ರಲ್ಲಿ ಇಂಗ್ಲೆಂಡಿನ ಸ್ಕಂಥಾರ್ಪ್ ಊರಿನವರು ಎ.ಓ.ಎಲ್. ಸಂಸ್ಥೆಯಲ್ಲಿ ಖಾತೆ ತೆರೆಯಲಾರದೆ ಹೋದರು. ಊರಿನ ಹೆಸರಿನ ನಡುವೆ ಒಂದು ಬೈಗುಳದ ಅಕ್ಷರಗಳಿದ್ದುದೇ ಕಾರಣ. ಇನ್ನು ಕನ್ನಡದಲ್ಲಿ ಪ್ರತಿ ನಾಮಪದವೂ ಕತ್ತೆಯನ್ನು, ಕತ್ತೆಗೆ, ಕತ್ತೆಯಿಂದ ಎಂದು ವಿಭಕ್ತಿ ತಳೆಯುವುದರಿಂದ ಇಡೀ ಪದವನ್ನೇ ಹೋಲಿಸುವ ಪಟ್ಟಿಯೂ ಸಾಲದು.

೨. ತೂಕದ ಲೆಕ್ಕ

ಎರಡನೆಯ ದಾರಿ ಪದವನ್ನು ಶಪಿಸದೆ ತೂಗುವುದು. ಮನುಷ್ಯರು ಮೊದಲೇ ಒಳ್ಳೆಯದು, ಕೆಟ್ಟದ್ದು ಎಂದು ವಿಂಗಡಿಸಿದ ಸಾವಿರ ತಿದ್ದುಪಡಿಗಳಿವೆಯೆಂದು ಇಟ್ಟುಕೊಳ್ಳೋಣ. ಕೆಟ್ಟವು ೧೦೦, ಒಳ್ಳೆಯವು ೯೦೦. ಕೆಟ್ಟವುಗಳಲ್ಲಿ ೨೦ರಲ್ಲಿಯೂ ಒಳ್ಳೆಯವುಗಳಲ್ಲಿ ೯ರಲ್ಲಿಯೂ ‘ಕತ್ತೆ’ ಇದೆ. ಎಂದರೆ ಆ ಪದವುಳ್ಳ ೨೯ ತಿದ್ದುಪಡಿಗಳಲ್ಲಿ ೨೦ ಮಾತ್ರ ಕೆಟ್ಟವು. ಪದವೊಂದನ್ನೇ ನಂಬಿ ಅಳಿಸಿದರೆ ಒಂಬತ್ತು ಮಂದಿ ನಿರಪರಾಧಿಗಳಿಗೆ ಅನ್ಯಾಯ! ಇಂಥ ಲೆಕ್ಕದ ಮೂಲ ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಸ್ ಅವರ ಪ್ರಬಂಧ. ಅದು ಅವರ ಮರಣಾನಂತರ, ೧೭೬೩ರಲ್ಲಿ ಪ್ರಕಟವಾಯಿತು.

ಆದುದರಿಂದ ಬೇರೆ ಸುಳಿವುಗಳನ್ನೂ ಕೂಡಿಸಬೇಕು. ಒಂದೇ ಅಕ್ಷರ ಹತ್ತಾರು ಸಲ ಬಂದಿದೆಯೆ? ಇಡೀ ಪರಿಚ್ಛೇದ ಮಾಯವಾಗಿದೆಯೆ? ಇಂಗ್ಲಿಷ್ ವಿಕಿಪೀಡಿಯದಲ್ಲಿ ೨೦೧೦ರಿಂದ ಬಂದ ‘ಕ್ಲೂಬಾಟ್ ಎನ್‌ಜಿ’ ಎಂಬ ಯಂತ್ರ ಹೀಗೆಯೇ ಪದಗಳ ತೂಕವನ್ನೂ ಇತರ ಸುಳಿವುಗಳನ್ನೂ ಸೇರಿಸಿ ಒಂದು ಅಂಕ ಕೊಡುತ್ತದೆ. ಅಂಕ ಗೊತ್ತಾದ ಮಿತಿಯನ್ನು ಮೀರಿದರೆ ಮಾತ್ರ ಅಳಿಸುತ್ತದೆ. ಎಷ್ಟು ನಿರಪರಾಧಿಗಳವರೆಗೆ ತಪ್ಪನ್ನು ಸಹಿಸಬಹುದೆಂದು ಮೊದಲು ನಿಶ್ಚಯಿಸಿ, ಆಮೇಲೆ ಆ ಮಿತಿಯನ್ನು ಇಡುತ್ತಾರೆ. ಜರಡಿಯ ಕಣ್ಣು ಸಣ್ಣದಾದರೆ ಹೊಟ್ಟಿನೊಡನೆ ಕಾಳೂ ಹೊರಗೆ ಬೀಳುತ್ತದೆ. ದೊಡ್ಡದಾದರೆ ಕಾಳಿನೊಡನೆ ಕಲ್ಲೂ ಇಳಿಯುತ್ತದೆ.

೩. ಯಂತ್ರಕ್ಕೆ ಕಾಣದ್ದು

ಸಭ್ಯ ಮಾತಿನಲ್ಲಿ ಹೇಳಿದ ಸುಳ್ಳು ಪದಗಳ ತಕ್ಕಡಿಗೆ ಸಿಕ್ಕುವುದು ಕಷ್ಟ. ೨೦೦೫ರ ಮೇ ತಿಂಗಳಲ್ಲಿ ಅಮೆರಿಕದ ಪತ್ರಕರ್ತ ಜಾನ್ ಸೀಗೆಂಥಾಲರ್ ಅವರನ್ನು ಕೆನಡಿ ಸೋದರರ ಕೊಲೆಯಲ್ಲಿ ಶಂಕಿಸಲಾಗಿತ್ತೆಂದು ಯಾರೋ ವಿಕಿಪೀಡಿಯದಲ್ಲಿ ಬರೆದರು. ಆ ಸುಳ್ಳು ನಾಲ್ಕು ತಿಂಗಳಿಗೂ ಮೇಲೆ ಹಾಗೆಯೇ ಉಳಿಯಿತು. ಅದರಲ್ಲಿ ಬೈಗುಳವಿರಲಿಲ್ಲ. ಅಂಥದನ್ನು ಹಿಡಿಯಲು ವಿಷಯ ಬಲ್ಲ ಓದುಗನೇ ಬೇಕು.

ತಾವೂ ತಮ್ಮ ಊರಿನ ವಿಷಯ ಬರೆಯಿರಿ. ಬರೆದಾಗ ಆಧಾರ ಕೊಡಿ, ತಿದ್ದಿದ ಕಾರಣವನ್ನು ಒಂದು ಸಾಲಿನಲ್ಲಿ ತಿಳಿಸಿ. ಅಳಿಸಿಹೋದರೆ ಮುನಿಸಿಕೊಂಡು ದೂರ ಸರಿಯಬೇಡಿ. ಹಳೆಯ ಪ್ರತಿ ‘ಇತಿಹಾಸ’ ಎಂಬಲ್ಲಿ ಸಾಮಾನ್ಯವಾಗಿ ಉಳಿದಿರುತ್ತದೆ. ಕಾರಣ ಹೇಳಿ ಮತ್ತೆ ಸೇರಿಸಬಹುದು.

ಅಭ್ಯಾಸ: ಕೆಳಗಿನವುಗಳಲ್ಲಿ ಯಾವುದನ್ನು ಯಂತ್ರಕ್ಕೆ ಬಿಡಬಹುದು, ಯಾವುದನ್ನು ಮನುಷ್ಯನೇ ನೋಡಬೇಕು?
(ಅ) ಲೇಖನದ ತುಂಬ ‘ಹಹಹಹ’.
(ಆ) ಹಂದಿಗೋಡಿನ ಬಗ್ಗೆ ಆಧಾರಸಹಿತ ಒಂದು ಸಾಲು.
(ಇ) ಆಧಾರವಿಲ್ಲದೆ ಬದಲಾದ ಒಬ್ಬ ಕವಿಯ ಜನ್ಮವರ್ಷ.

ಉತ್ತರಗಳನ್ನು ಭಾನುವಾರ ವಾಚನಾಲಯಕ್ಕೆ ತನ್ನಿರಿ. ಆ ಹುಡುಗನೂ ಬರುತ್ತಾನೆ. ಅವನ ಮನೆಗೆ ಹೋಗಿ ನಾನು ತಪ್ಪೊಪ್ಪಿಕೊಂಡ ಮೇಲೆ ವೇಳಾಪಟ್ಟಿಯ ಜವಾಬ್ದಾರಿ ಈಗ ಅವನದೇ.