ಇರುವೆಯನ್ನು ನೋಡುತ್ತ ಕುಳಿತ ಚಿತ್ರಕಾರ

ಚಿತ್ರ ನೋಡುವುದಕ್ಕೂ ಸ್ವಲ್ಪ ಅಭ್ಯಾಸ ಬೇಕು. ಬಣ್ಣ ಚೆನ್ನಾಗಿದೆ, ತದ್ರೂಪ ಬಂದಿದೆ ಎಂದಿಷ್ಟು ಹೇಳಿ ಪುಟ ತಿರುವಿದರೆ ಚಿತ್ರಕಾರನ ಶ್ರಮ ನಮಗೆ ದಕ್ಕುವುದಿಲ್ಲ. ಈ ಸಲದ ಅಭ್ಯಾಸಕ್ಕಾಗಿ ಜಪಾನಿನ ಚಿತ್ರಕಾರರೊಬ್ಬರನ್ನು ವಾಚಕರಿಗೆ ಪರಿಚಯಿಸುತ್ತೇನೆ. ಹೆಸರು ಕುಮಗಾಯ್ ಮೊರಿಕಾಜು. ಆ ದೇಶದ ರೂಢಿಯಂತೆ ಮನೆತನದ ಹೆಸರು ಮೊದಲು ಬರುತ್ತದೆ. 1880ರಲ್ಲಿ ಗಿಫು ಪ್ರಾಂತದ ತ್ಸುಕೆಚಿ ಎಂಬ ಊರಲ್ಲಿ ಹುಟ್ಟಿ, 1977ರಲ್ಲಿ ತಮ್ಮ 97ನೆಯ ವಯಸ್ಸಿನಲ್ಲಿ ಟೋಕಿಯೋದಲ್ಲಿ ತೀರಿಕೊಂಡರು.

ಇವರು ಬರೆದುದು ಇರುವೆ, ಬೆಕ್ಕು, ಹೂವು, ಚಿಟ್ಟೆ, ಮಳೆಹನಿ, ಇಷ್ಟೇ. 1959ರ 'ಬಿಳಿ ಬೆಕ್ಕು' ಎಂಬ ಚಿತ್ರದಲ್ಲಿ ರೋಮವಿಲ್ಲ, ನೆರಳಿಲ್ಲ. ಕೆಲವೇ ಗೆರೆಗಳ ನಡುವೆ ಬಿಳಿ ಬಣ್ಣ. ಆದರೂ ಅದು ಮೈಮರೆತು ಮಲಗಿದ ಬೆಕ್ಕೇ ಹೊರತು ಬೇರೆ ಅಲ್ಲ. 1961ರ 'ಮಳೆಹನಿ'ಯಲ್ಲಿ ಕಂದು ಬಯಲಿನ ಮೇಲೆ ಬಿಳಿಯ ದುಂಡು ಹನಿಗಳು ನೆಗೆಯುತ್ತಿವೆ. ಮೊದಲ ನೋಟಕ್ಕೆ 'ಇದನ್ನು ನಮ್ಮ ಹುಡುಗನೂ ಬರೆದಾನು' ಎನ್ನಿಸುವುದು ಸಹಜ. ಅಲ್ಲಿಯೇ ಸ್ವಲ್ಪ ತಡೆಯಬೇಕು.

ಗೆರೆಯನ್ನು ನೋಡಿ. ಅದು ಕಪ್ಪಲ್ಲ, ಕೆಂಪು ಮಿಶ್ರಿತ ಕಂದು. ಬಣ್ಣ ಹಚ್ಚಿ ಮುಗಿಸಿದ ಮೇಲೆ ಅಂಚಿಗೆ ಎಳೆದ ಗೆರೆಯೂ ಅಲ್ಲ. ಗೆರೆ ಮೊದಲೇ ಇರುತ್ತದೆ. ಬಣ್ಣ ಎರಡು ಕಡೆಯಿಂದಲೂ ಬಂದು ಅದರ ಬಳಿ ನಿಲ್ಲುತ್ತದೆ. ಹೊಲಕ್ಕೆ ಬದು ಇದ್ದ ಹಾಗೆ. ಆ ಗೆರೆ ಹುಟ್ಟುವ ಬಗೆ ಇನ್ನೂ ಸ್ವಾರಸ್ಯವಾದದ್ದು. ಮೊದಲು ಪೆನ್ಸಿಲಿನಲ್ಲಿ ರೇಖಾಚಿತ್ರ. ಅದನ್ನು ತೆಳು ಕಾಗದದ ಮೇಲೆ ಇಳಿಸಿಕೊಂಡು, ಕೆಳಗೆ ಕಾರ್ಬನ್ ಕಾಗದ ಇಟ್ಟು, ಮರದ ಹಲಗೆಯ ಮೇಲೆ ಒತ್ತಿ ತೆಗೆಯುತ್ತಿದ್ದರು. ಹಲಗೆ ದೊಡ್ಡದಲ್ಲ, ಬಹುಪಾಲು 33 ಸೆಂಟಿಮೀಟರಿಗೆ 24 ಸೆಂಟಿಮೀಟರು. ಒಂದೇ ರೇಖಾಚಿತ್ರದಿಂದ ವರ್ಷಗಳ ಅಂತರದಲ್ಲಿ ಎರಡು ಮೂರು ಚಿತ್ರಗಳನ್ನು ಮಾಡಿದ್ದೂ ಉಂಟು. ಕಾರ್ಬನ್ ಕಾಗದ ನಮ್ಮಂಥ ಗುಮಾಸ್ತರಿಗೆ ಹಳೆಯ ನಂಟು; ಅದರಿಂದ ಕಲೆ ಹುಟ್ಟೀತೆಂದು ನಾವು ಯಾರೂ ಎಣಿಸಿರಲಾರೆವು! ನಕಲು ಎಂದು ಹಗುರಾಗಿ ಕಾಣಬೇಡಿ. ಎಲ್ಲವನ್ನೂ ಬಿಟ್ಟು ಉಳಿಸಿಕೊಂಡ ಒಂದು ಗೆರೆಯನ್ನು ಅವರು ಮತ್ತೆ ಕೆಡಿಸಲು ಒಪ್ಪುತ್ತಿರಲಿಲ್ಲ.

ಈ ಗೆರೆ ಅವರಿಗೆ ಬೇಗ ಸಿಕ್ಕಿದ್ದಲ್ಲ. ತಂದೆ ಗಿಫು ನಗರದ ಮೊದಲ ಮೇಯರ್, ಅನುಕೂಲಸ್ಥರು. ಅವರು ಕಾಲವಾದಾಗ ಉಳಿದದ್ದು ಸಾಲ. ಮಗ 1904ರಲ್ಲಿ ಟೋಕಿಯೋ ಕಲಾಶಾಲೆಯಲ್ಲಿ ಪಾಶ್ಚಾತ್ಯ ಚಿತ್ರಕಲೆ ಮುಗಿಸಿದರು. ಸಖಾಲಿನ್ ದ್ವೀಪಕ್ಕೆ ಹೋದ ಸರ್ವೆ ತಂಡದಲ್ಲಿ ಚಿತ್ರ ಬರೆಯುವ ಕೆಲಸ ಮಾಡಿದರು. ತಾಯಿ ತೀರಿದ ಮೇಲೆ ಹಲವು ವರ್ಷ ಊರಲ್ಲೇ ನಿಂತು, ಕಾಡಿನ ದಿಮ್ಮಿಗಳನ್ನು ಹೊಳೆಯಲ್ಲಿ ಸಾಗಿಸುವ ಕೂಲಿಯನ್ನೂ ಮಾಡಿದರು. 42ನೆಯ ವಯಸ್ಸಿನಲ್ಲಿ ಮದುವೆ.

ಮದುವೆಯಾದ ಮೇಲೂ ಮಾರಾಟವಾಗುವ ಚಿತ್ರ ಬರೆಯುವುದು ಇವರಿಂದಾಗಲಿಲ್ಲ. ಮನೆಯಲ್ಲಿ ಕಡು ಬಡತನ. 1928ರಲ್ಲಿ ಎರಡನೆಯ ಮಗ ಯೋ, ನಾಲ್ಕು ವರ್ಷದ ಕೂಸು, ತೀರಿಕೊಂಡಿತು. ಮಗುವಿನದೆಂದು ಏನೂ ಉಳಿದಿಲ್ಲವಲ್ಲ ಎಂದು ತಂದೆ ಶವದ ಬಳಿ ಕುಳಿತು ಮುಖವನ್ನು ಬರೆಯತೊಡಗಿದರು. ಬರೆಯುತ್ತ ಬರೆಯುತ್ತ ತಾನು ಮಗನನ್ನು ಬಿಟ್ಟು ಬರಿಯ ಚಿತ್ರವನ್ನೇ ನೋಡುತ್ತಿದ್ದೇನೆಂದು ಅರಿವಾಗಿ, ಹೇಸಿ ಕುಂಚ ಕೆಳಗಿಟ್ಟರು. ಆ ಅರೆಬರೆ ಚಿತ್ರ, 'ಯೋ ತೀರಿದ ದಿನ', ಕುರಾಷಿಕಿ ಪಟ್ಟಣದ ಓಹಾರ ಕಲಾಸಂಗ್ರಹಾಲಯದಲ್ಲಿದೆ. ಅದರಲ್ಲಿ ಗೆರೆಯೆಂಬುದಿಲ್ಲ, ಬಣ್ಣವೆಲ್ಲ ಒರಟಾಗಿ ಮೆತ್ತಿದೆ.

ಐವರು ಮಕ್ಕಳಲ್ಲಿ ಮೂವರನ್ನು ಆ ದಂಪತಿಗಳು ಕಳೆದುಕೊಂಡರು. ಹಿರಿಯ ಮಗಳು 1947ರಲ್ಲಿ ಹೋದಳು. ಸ್ಮಶಾನದಿಂದ ಹಿಂತಿರುಗುವ ಚಿತ್ರವನ್ನು ಅವರು 1948ರಲ್ಲಿ ಹಿಡಿದು 1955ರಲ್ಲಿ ಮುಗಿಸಿದರು. ಮೂವರು ನಡೆದು ಬರುತ್ತಿದ್ದಾರೆ, ಅಸ್ಥಿಯ ಬಿಳಿಯ ಪೆಟ್ಟಿಗೆಯಿದೆ, ಯಾರಿಗೂ ಕಣ್ಣು ಮೂಗು ಬಾಯಿ ಬರೆದಿಲ್ಲ. ಮುಖ ಬರೆದಿದ್ದರೆ ದುಃಖ ಅಲ್ಲಿಗೇ ಮುಗಿದುಹೋಗುತ್ತಿತ್ತೆಂದು ನನ್ನ ಭಾವನೆ. ಬೆಕ್ಕನ್ನೂ ಮಳೆಹನಿಯನ್ನೂ ಬರೆದ ಗೆರೆ ಈ ಗೆರೆಯೇ. ಆದ್ದರಿಂದ ಅದನ್ನು ಮಕ್ಕಳಾಟವೆಂದು ನಾನು ಒಪ್ಪಲಾರೆ.

1932ರಿಂದ ಕೊನೆಯವರೆಗೆ ಟೋಕಿಯೋದ ತೊಷಿಮಾ ಭಾಗದ ಒಂದು ಸಣ್ಣ ಮನೆಯಲ್ಲಿದ್ದರು. 1956ರಲ್ಲಿ ಲಘುವಾಗಿ ಪಾರ್ಶ್ವವಾಯು ತಗುಲಿದ ಮೇಲೆ ಹೊರಗೆ ಹೋಗುವುದೇ ಅಪರೂಪ. ಹಗಲೆಲ್ಲ ಹಿತ್ತಿಲ ಗಿಡಗಳ ನಡುವೆ. ಚಿತ್ರದ ಕೆಲಸ ರಾತ್ರಿ, ದೀಪದಲ್ಲಿ. ಕೆನ್ನೆಗೆ ಕೈಕೊಟ್ಟು ನೆಲದ ಇರುವೆಗಳನ್ನು ವರ್ಷಗಟ್ಟಲೆ ನೋಡಿ, ಇರುವೆ ಮೊದಲು ಎತ್ತುವುದು ಎಡಗಡೆಯ ಎರಡನೆಯ ಕಾಲು ಎಂದರು. ಇರುವೆ ನಡೆಯುವಾಗ ಒಂದು ಬದಿಯ ಮುಂಗಾಲು ಹಿಂಗಾಲು, ಇನ್ನೊಂದು ಬದಿಯ ನಡುಗಾಲು, ಹೀಗೆ ಮೂರು ಕಾಲು ಒಟ್ಟಿಗೆ ಏಳುತ್ತವೆಂದು ಶಾಸ್ತ್ರಜ್ಞರ ಮಾತು. ಇಬ್ಬರ ಮಾತೂ ನಡುಗಾಲಿನ ಬಳಿ ಕೂಡುವುದು ಚೆನ್ನಾಗಿದೆ.

1967ರಲ್ಲಿ ಸರ್ಕಾರ ಸಂಸ್ಕೃತಿ ಪದಕ ಕೊಡಲು ಬಂದಾಗ, ಮನೆಗೆ ಜನ ಹೆಚ್ಚಾಗುತ್ತಾರೆಂದು ಬೇಡವೆಂದರು. ಇಂಥ ಕಥೆಗಳಿಂದ ಅವರನ್ನು ಋಷಿಯೆಂದು ಕರೆಯುವವರಿದ್ದಾರೆ. ಆದರೆ ಅಕ್ಕಿ ಇಲ್ಲದ ದಿನ ಒಲೆಯ ಮುಂದೆ ನಿಂತವರು ಹೆಂಡತಿ ಹಿದೆಕೋ. ಅವರ ಹೆಸರನ್ನೂ ಜೊತೆಗೆ ಹೇಳುವುದು ನ್ಯಾಯ. ಆ ಮನೆಯ ಸ್ಥಳದಲ್ಲಿ ಮಗಳು ಕಾಯಾ 1985ರಲ್ಲಿ ಚಿತ್ರಶಾಲೆ ತೆರೆದರು. 2007ರಿಂದ ಅದು ತೊಷಿಮಾ ಪುರಸಭೆಯದು.

ಆಸಕ್ತರಿಗೆ ಒಂದು ಅಭ್ಯಾಸ. ಬರುವ ರಜೆಯ ದಿನ ಗೋಡೆಯ ಬದಿಯ ಇರುವೆ ಸಾಲಿನ ಮುಂದೆ ಕಾಲು ಗಂಟೆ ಕುಳಿತುಕೊಳ್ಳಿ. ಮಕ್ಕಳಿದ್ದರೆ ಅವರನ್ನೂ ಕೂರಿಸಿಕೊಳ್ಳಿ. ಒಂದನ್ನೇ ಗುರುತಿಟ್ಟು ನೋಡಿ, ಆಮೇಲೆ ಒಳಗೆ ಬಂದು, ರಬ್ಬರ್ ಇಟ್ಟುಕೊಳ್ಳದೆ, ಪೆನ್ಸಿಲಿನಿಂದ ಬರೆಯಿರಿ. ಎಷ್ಟು ಗೆರೆ ಬೇಕಾಯಿತೆಂದು ಕಾಗದದ ಮೂಲೆಯಲ್ಲಿ ಗುರುತು ಹಾಕಿ. ಮರುದಿನ ಅದೇ ಇರುವೆಯನ್ನು ಅದಕ್ಕಿಂತ ಎರಡು ಗೆರೆ ಕಡಿಮೆಯಲ್ಲಿ ಬರೆಯಿರಿ.